ಕುಬಸದಲ್ಲಿ ಬೇಡವಾದ ದಿಂಬು

“ಮಾವಶಿ, ಬೆನ್ನಿಗೆ ಒಂದ ದಿಂಬ ಕೊಡ. ಕುಂದ್ರಾಕ ಆಗವಲ್ತು,” ಎಂದು ಅಕ್ಕನ ಮಗಳು ನನ್ನ ಕಿವಿಯಲ್ಲಿ ಹೇಳಿದಳು. ಅಕ್ಕಲಕೋಟದಲ್ಲಿ ಅವಳ ಕುಬಸ. ಎಂಟು ತಿಂಗಳ ಬಸುರಿಗೆ ಮೈತುಂಬ ಹೂವಿನ ಒಡವೆ ತೊಡಿಸಿ, ಬೆಳಿಗ್ಗೆಯಿಂದ ಜೋಕಾಲಿಯ ಮೇಲೆ ಕೂರಿಸಿದ್ದರು. ಪಾದಗಳು ಊದಿ ಕಾಲುಂಗುರಗಳು ಹೂತುಹೋಗಿದ್ದವು.

ನಾನು ದಿಂಬು ತಂದಿಟ್ಟೆ. ಅವಳ ಅತ್ತೆ ಓಡಿಬಂದರು. “ತಗೀರಿ ಅದನ್ನ, ಫೋಟೋದಾಗ ಚೊಲೋ ಕಾಣಂಗಿಲ್ಲ!”

ನನಗೆ ಮೈಯೆಲ್ಲ ಉರಿಯಿತು. “ಹಂಗಾರ ನೀವ ಕುಂದರ್ರಿ ಅಲ್ಲಿ, ಸಂಜಿತನಾ,” ಎಂದೆ. ಉಡಿ ತುಂಬಲು ನಿಂತಿದ್ದ ಹೆಂಗಸರೆಲ್ಲ ನನ್ನನ್ನೇ ದುರುಗುಟ್ಟಿ ನೋಡಿದರು. ನೋಡಲಿ. ದಿಂಬು ಅಲ್ಲೇ ಉಳಿಯಿತು.

ಮೊನ್ನೆ ಸೊಲ್ಲಾಪುರದ ಸ್ಟುಡಿಯೋದಿಂದ ಆಲ್ಬಮ್ ಬಂತು. ಹೂವು, ಜೋಕಾಲಿ, ಅತ್ತೆಯ ನಗು ಎಲ್ಲ ಹಾಗೇ ಇವೆ. ದಿಂಬನ್ನು ಅಳಿಸಿಬಿಟ್ಟಿದ್ದಾರೆ. ಊದಿದ್ದ ಆ ಪಾದಗಳನ್ನೂ ಸಣ್ಣಗೆ ಮಾಡಿದ್ದಾರೆ.