ಪ್ಯಾನೆಲ್ ಓರೆ ಮಾಡುವುದು ಯಾಕೆ?

"ವಿಡಿಯೊ ನಿಲ್ಸಿ ಮಿಸ್! ಚಳಿಗಾಲ ಬಂದ್ರೆ ನಮ್ಮಮ್ಮ ಸೋಲಾರ್ ಪ್ಯಾನೆಲ್ ಜಾಸ್ತಿ ಓರೆ ಮಾಡೋದು ಇದ್ಕೇನಾ?"

ಏಳನೇ ತರಗತಿಯ ಭಾಗ್ಯ ಎದ್ದು ನಿಂತಿದ್ದಳು. ರಾಯಚರ್ಲು ಕಡೆ, ಸೋಲಾರ್ ಪಾರ್ಕ್ ಪಕ್ಕದ ನಮ್ಮ ಶಾಲೆಯಲ್ಲಿ ನಾನು ಮೊಬೈಲಿನಲ್ಲಿ ಹಾಕಿದ್ದ ಪುಟ್ಟ ವಿಡಿಯೊದಲ್ಲಿ ಓರೆಯಾದ ಭೂಮಿ ಸೂರ್ಯನನ್ನು ಸುತ್ತುತ್ತಿತ್ತು. ತಕ್ಷಣ ನಿಲ್ಲಿಸಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ತಗ್ಗಿನಲ್ಲಿ ಸಾಗುವುದನ್ನು, ಬಿಸಿಲು ನೇರ ಬೀಳಲೆಂದು ಪ್ಯಾನೆಲ್ ಹೆಚ್ಚು ಓರೆ ಮಾಡುವುದನ್ನು ಕಿಟಕಿಯಾಚೆಯ ಪ್ಯಾನೆಲ್‌ಗಳನ್ನೇ ತೋರಿಸಿ ವಿವರಿಸಿದೆ.

ಮರುದಿನ ಆ ಪಾರ್ಕ್‌ನಲ್ಲೇ ಕೆಲಸ ಮಾಡುವ ಅವಳ ತಾಯಿ ಬಂದರು. ಶಾಲೆಯಲ್ಲೂ ಮೊಬೈಲಾ ಎಂದು ಹಿಂದೊಮ್ಮೆ ಜಗಳವಾಡಿ ಹೋಗಿದ್ದವರು.

"ಸೂಪರ್‌ವೈಸರ್ ಓರೆ ಮಾಡು ಅಂದ್ರೆ ಮಾಡ್ತಿದ್ದೆ ಮಿಸ್. ಯಾಕಂತ ಮಗ್ಳು ಚೆಂಡು ಇಟ್ಕಂಡು ಹೇಳ್ಕೊಟ್ಲು. ಇನ್ನೊಂದು ವಿಡಿಯೊ ಹಾಕಿ, ನಾನೂ ಕುಂತ್ಕಂತೀನಿ."

ಅಂದಿನಿಂದ ಯಾವ ವಿಡಿಯೊ ಹಾಕಿದರೂ ನಿಲ್ಲಿಸುವ ಬಟನ್ ಮೇಲೆ ಬೆರಳಿಟ್ಟೇ ಕೂರುತ್ತೇನೆ. ಮಕ್ಕಳು ನಿಲ್ಸಿ ಎಂದಲ್ಲಿಂದಲೇ ಪಾಠ ಶುರುವಾಗುವುದು.