ಗಡಗಡ ಅನ್ನುವ ಬ್ಯಾಂಜೋ

ಎಪ್ಪತ್ತರ ದಶಕದಲ್ಲಿ ಗುಬ್ಬಿಯ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿ ಇದ್ದರು. ತಮಟೆಗೆ ಉದ್ದನೆಯ ಹಿಡಿ ಹಾಕಿದಂತಿರುವ ಹಳೆಯ ನಾಲ್ಕು ತಂತಿಯ ಬ್ಯಾಂಜೋ ಎಲ್ಲಿದ್ದರೂ, ಕುಣಿಗಲ್ಲಿಗಾದರೂ ಹೋಗಿ ಕೊಂಡು ತರುತ್ತಿದ್ದರು. ನುಡಿಸಿದ್ದನ್ನು ಮಾತ್ರ ನಾನು ಕಂಡಿರಲಿಲ್ಲ. ಒಣಗಿದ ಕಾಯಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಅನ್ನುತ್ತದಲ್ಲ, ಬ್ಯಾಂಜೋವನ್ನೂ ಹಾಗೇ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ಸದ್ದು ಬಂದರೆ, "ಒಳ್ಳೆ ಒಣಗೈತೆ" ಎಂದು ಕೊಂಡುಬಿಡುತ್ತಿದ್ದರು. ಮನೆಗೆ ಬಂದು ಹೆಂಡತಿಗೆ, "ಇದೇ ಕೊನೇದು ಕಣೇ" ಅನ್ನುತ್ತಿದ್ದರು.

ಬ್ಯಾಂಜೋಗಳು ತುಂಬಿ ಅಟ್ಟದಲ್ಲಿ ಕಾಯಿಗೇ ಜಾಗ ಸಾಲದಾದಾಗ, ಗಂಡ ಹೊಸದಾಗಿ ತಂದ ಬ್ಯಾಂಜೋವನ್ನು ಆಕೆ ಬಾಗಿಲಲ್ಲೇ ತಡೆದರು.

"ಮೊದ್ಲು ನುಡ್ಸಿ ತೋರ್ಸಿ. ಇಲ್ದಿದ್ರೆ ಅಟ್ಟದ ಮೇಲಿರೋವೂ ಸೇರಿ ಎಲ್ಲಾ ಗುಜರಿಗೆ."

ಅವರು ಬೆವರೊರೆಸಿಕೊಂಡು ನನ್ನ ಕಡೆ ನೋಡಿದರು.

"ನುಡ್ಸಣ್ಣ, ಕೇಳಾನ" ಎಂದೆ ನಾನು, ಕಾಂಪೌಂಡಿಗೆ ಒರಗಿಕೊಂಡು.

ಜಗಲಿಯಲ್ಲಿ ಕೂತು ತಂತಿ ಮೀಟಿದರು. ಒಳಗೆ ಕಳಚಿಕೊಂಡಿದ್ದದ್ದೆಲ್ಲ ಒಟ್ಟಿಗೆ ಗಡಗಡ ಅಂದಿತು. ಅಂಗಳದಲ್ಲಿ ಕಟ್ಟಿದ್ದ ಅವರ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು.

ಎಮ್ಮೆಯನ್ನು ಹಿಡಿದು ತಂದ ಮೇಲೆ ಆಕೆಯೇ ಬ್ಯಾಂಜೋವನ್ನು ಅಟ್ಟಕ್ಕೆ ಏರಿಸಿದರು.

"ಇನ್ನೂ ಹತ್ತು ತನ್ನಿ, ಬ್ಯಾಡ ಅನ್ನಲ್ಲ. ನುಡಿಸ್ಬ್ಯಾಡಿ, ನಿಮ್ ದಮ್ಮಯ್ಯ!"