ಅಂಗಾಲಿನ ಕಪ್ಪು

ಇದನ್ನು ಬರೆದುಬಿಡಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಪ್ರತಿ ಸಲವೂ ನೆವ ಹುಡುಕಿ ಎದ್ದಿದ್ದೇನೆ. ಕಣ್ಣು ಮಂಜು, ಕೈ ನಡುಕ, ನಾಳೆ ನೋಡೋಣ. ಎಲ್ಲ ಸುಳ್ಳು. ನನ್ನನ್ನು ಒಳ್ಳೆಯವನೆಂದು ತಿಳಿದವರ ಮುಂದೆ ಸಣ್ಣವನಾಗಲು ಮನಸ್ಸಿರಲಿಲ್ಲ, ಅಷ್ಟೇ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕರ್ನೂಲು ಕಡೆಯ ಆದವಾನಿಯಲ್ಲಿ, ಆಸ್ಪತ್ರೆಗೆ ಸೇರಿದ ಒಂದು ನರ್ಸಿಂಗ್ ಶಾಲೆಯಲ್ಲಿ ಅಟೆಂಡರ್ ಆಗಿದ್ದೆ. ಹೈಸ್ಕೂಲು ಮುಗಿಸಿದವನೆಂಬ ಜಂಬ ಬೇರೆ. ತರಗತಿಯಲ್ಲಿ ಚಾರ್ಟು ತೂಗುಹಾಕುವುದು, ಗೇಟಿನಲ್ಲಿ ಬಂದವರನ್ನು ವಿಚಾರಿಸುವುದು ನನ್ನ ಕೆಲಸ. ಆದರೆ ನನಗೆ ಹೆಸರು ಬಂದದ್ದು ಮುಳ್ಳು ತೆಗೆಯುವುದರಿಂದ. ಹತ್ತಿ ಹೊಲದಲ್ಲಿ, ಕುರಿಗಳ ಹಿಂದೆ ಬರಿಗಾಲಲ್ಲಿ ನಡೆಯುವವರಿಗೆ ಜಾಲಿಮುಳ್ಳು ಮುರಿದುಕೊಳ್ಳುವುದು ದಿನದ ಮಾತು. ಅಂಗಾಲಿನಲ್ಲಿ ಕಪ್ಪು ಕಂಡರೆ ಅದು ಮುಳ್ಳೇ. ಪಿನ್ನಿನಿಂದ ಬಗೆದು ಅರಿಶಿನ ಮೆತ್ತಿದರೆ ಆಯಿತು. ಡಾಕ್ಟರ ಬಳಿಗೆ ಹೋಗುವ ಮೊದಲು ಮಂದಿ ಗೇಟಿನಲ್ಲೇ ನನ್ನ ಮುಂದೆ ಕಾಲು ಚಾಚುತ್ತಿದ್ದರು.

ಆ ವರ್ಷ ಹೊಸದಾಗಿ ಬಂದ ಟ್ಯೂಟರಮ್ಮ ಚರ್ಮದ ಕ್ಯಾನ್ಸರಿನ ಪಾಠ ತೆಗೆದರು. ಪುಸ್ತಕದ ಚಿತ್ರಗಳಲ್ಲೆಲ್ಲ ಬಿಳಿ ಜನರೇ. ಅವರು ಪುಸ್ತಕ ಮುಚ್ಚಿಟ್ಟು ಕೈಗನ್ನಡಿ ಎತ್ತಿಕೊಂಡರು.

"ಚಪ್ಪಲಿ ಬಿಡ್ರಿ ಎಲ್ಲಾರೂ. ಅಂಗಾಲು, ಬೆರಳ ಸಂದಿ, ಉಗುರಿನ ಬುಡ ನೋಡಿಕೊಳ್ರಿ. ನಮ್ಮ ಬಣ್ಣದ ಮಂದಿಗೆ ಮಚ್ಚೆ ಕ್ಯಾನ್ಸರು ಅಪರೂಪ. ಬಂದ್ರ ಹೆಚ್ಚಾಗಿ ಅಂಗಾಲಿಗೇ ಬರತೈತಿ."

"ಮೇಡಂ, ಈಕಿ ಕಾಲಿಗೆ ನೀರು ತಾಕಿ ವಾರ ಆಗೈತ್ರಿ, ಪೂರಾ ಕಪ್ಪೇ!" ಎಂದು ಒಬ್ಬಳು ಕೂಗಿದಳು. ಹುಡುಗಿಯರು ಬಿದ್ದು ಬಿದ್ದು ನಕ್ಕರು.

ಟ್ಯೂಟರಮ್ಮನೂ ನಕ್ಕು, ಚಾರ್ಟು ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿದರು. "ಕಪ್ಪು ಹರಡಿದ್ರ, ಅಂಚು ಸೊಟ್ಟ ಇದ್ರ ಪಿನ್ನು ಹಾಕಬಾರದು. ಗೇಟಿನ ಡಾಕ್ಟರೇ, ನೀವೂ ಕೇಳಿಸ್ಕೊಳ್ರಿ."

ಮತ್ತೆ ನಗು. ನನ್ನ ಕಿವಿ ಬಿಸಿಯಾದವು. ಹೋಗಿ ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಆ ಪಾಠದ ಮಾತು ಹೇಳಿದೆ. ಅವನು ಸಿಗರೇಟು ಆರಿಸುತ್ತಾ, "ಅದು ದೊರೆಗಳ ರೋಗಲೇ. ನಮ್ಮ ಕರೀ ಮೈಗೆ ಏನಾಗತೈತಿ?" ಎಂದ. ಇಂದಿಗೂ ನೆನೆದರೆ ರಕ್ತ ಕುದಿಯುತ್ತದೆ. ಅಷ್ಟು ಓದಿದವನ ಬಾಯಲ್ಲಿ ಎಂಥ ಮಾತು! ಆದರೆ ನನಗೆ ಬೇಕಾಗಿದ್ದದ್ದೂ ಅದೇ ಮಾತು.

ಆ ತರಗತಿಯಲ್ಲಿ ಮಾಧವರಂನ ಹುಡುಗಿಯೊಬ್ಬಳಿದ್ದಳು. ತನ್ನ ತಾಯಿಯ ಹಿಮ್ಮಡಿಯಲ್ಲೂ ಅಂಥ ಕಪ್ಪಿದೆ, ಎಷ್ಟು ಬಗೆದರೂ ಹೋಗುತ್ತಿಲ್ಲ ಎಂದಳು. ಟ್ಯೂಟರಮ್ಮ ಕೂಡಲೇ ಕರೆಸು ಎಂದರು. ತಾಯಿ ಬಂದಾಗ ಮಗಳು ವಾರ್ಡಿನ ಡ್ಯೂಟಿಯಲ್ಲಿದ್ದಳು. ಗೇಟಿನಲ್ಲಿ ನಾನಿದ್ದೆ.

"ಮೇಡಂಗೆ ತೋರಿಸು ಅಂದಾಳ್ರಿ ಮಗಳು. ಏನಿಲ್ಲ ನಾಯನಾ, ಮುಳ್ಳು."

ಯಾರ ತಾಯಿ, ಯಾಕೆ ಬಂದಿದ್ದಾಳೆ, ಎಲ್ಲ ನನಗೆ ಗೊತ್ತಿತ್ತು. ಕಾಲೆತ್ತಿ ನೋಡಿದೆ. ಹುಣಸೆಬೀಜಕ್ಕಿಂತ ದೊಡ್ಡ ಕಪ್ಪು, ಒಂದು ಅಂಚು ಮಸಿ ಚೆಲ್ಲಿದಂತೆ ಹರಡಿತ್ತು. ನಾನೇ ತೂಗುಹಾಕಿದ್ದ ಚಾರ್ಟಿನಲ್ಲಿದ್ದ ಆಕಾರ. ಗುರುತು ಸಿಕ್ಕಿತು. ಸಿಕ್ಕಿದ್ದಕ್ಕೇ, ಟ್ಯೂಟರಮ್ಮನ ಮಾತು ನಿಜವಾಯಿತಲ್ಲ ಎಂದು, ಸಿಟ್ಟು ಬಂತು.

"ಮುಳ್ಳಿಗೆ ಮೇಡಂ ಯಾಕಮ್ಮಾ? ಕೂಡು ಇಲ್ಲಿ."

ಬಗೆದೆ. ರಕ್ತ ಬಂತು, ಮುಳ್ಳು ಬರಲಿಲ್ಲ. "ಬಂತು ನೋಡು. ಜಲ್ದಿ ಹೋಗು, ಬಸ್ಸು ತಪ್ಪತೈತಿ" ಎಂದೆ. ಆಕೆ ನನ್ನನ್ನು ಹರಸಿ ಕುಂಟುತ್ತಾ ಹೋದಳು.

ಸಂಜೆ ಮಗಳು ಓಡಿ ಬಂದಳು. "ಅವ್ವ ಬಂದಿದ್ಲಾ ಅಣ್ಣಾ?"

"ಮುಳ್ಳಿತ್ತು. ತೆಗೆದು ಕಳಿಸೀನಿ."

ಅವಳ ಮುಖ ಹಗುರಾಯಿತು. ಕೈ ಮುಗಿದಳು. ಟ್ಯೂಟರಮ್ಮ ಕೇಳಿದಾಗಲೂ ಮುಳ್ಳಂತೆ ಎಂದಳು. "ನೀನು ಕಣ್ಣಾರೆ ನೋಡಿದಿ ಏನು?" ಎಂದು ಅವರು ಗದರಿದರಂತೆ. ಪರೀಕ್ಷೆ ಹತ್ತಿರವಿತ್ತು, ಹುಡುಗಿ ಊರಿಗೆ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ತಾಯಿಯನ್ನು ಕರ್ನೂಲಿಗೆ ಒಯ್ಯುವಾಗ ಕಾಲು ಹುಣ್ಣಾಗಿ, ತೊಡೆಸಂದಿಯಲ್ಲಿ ಗಂಟು ಕಟ್ಟಿತ್ತು. ಆಕೆ ಉಳಿಯಲಿಲ್ಲ. ಮೊದಲೇ ತೋರಿಸಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ ಎಂದು ನಾನು ಸಮಾಧಾನ ಮಾಡಿಕೊಂಡೆ. ನಾಚಿಕೆಗೆಟ್ಟ ಸಮಾಧಾನ! ಸಿಗಬಹುದಾಗಿದ್ದ ಆ ಒಂದು ದಾರಿಗೆ ಗೇಟು ಹಾಕಿದವನು ನಾನು.

ಕೆಲವು ವರ್ಷಗಳ ಮೇಲೆ ಆ ಹುಡುಗಿ ಅದೇ ಶಾಲೆಗೆ ಟ್ಯೂಟರಾಗಿ ಬಂದಳು. ಅದೇ ಪಾಠ, ಅದೇ ಕೈಗನ್ನಡಿ, ಚಾರ್ಟು ಹಿಡಿದು ನಾನು. ಪ್ರತಿ ವರ್ಷ ಹೊಸ ಹುಡುಗಿಯರಿಗೆ ಅವಳು ಹೇಳುತ್ತಿದ್ದಳು: "ನಮ್ಮವ್ವನ ಕಾಲು ನಾನು ನೋಡಲಿಲ್ಲ. ಯಾರೋ ಮುಳ್ಳು ಅಂದ್ರು, ನಂಬಿದೆ. ತಪ್ಪು ನಂದು. ನೀವು ನಂಬಬ್ಯಾಡ್ರಿ, ನೋಡ್ರಿ."

ಯಾರೋ! ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನವೂ ನನ್ನ ಕಡೆ ಕಣ್ಣು ಹಾಯಿಸಲಿಲ್ಲ. ತಪ್ಪು ಅವಳದಲ್ಲ ಎಂದು ಅಲ್ಲೇ ಕೂಗುವ ಬಾಯಿ ನನಗಿರಲಿಲ್ಲ. ಮುಳ್ಳೆಂದು ಬೊಗಳುವಾಗ ಮಾತ್ರ ಇತ್ತು.

ಆ ಹಳೆಯ ಟ್ಯೂಟರಮ್ಮನಿಗೆ, ಅವರು ವರ್ಗವಾಗಿ ಹೋಗುವಾಗ, ಹೇಗೋ ತೊದಲಿ ತಪ್ಪಾಯಿತು ಎಂದಿದ್ದೆ. ಸತ್ತ ಆ ತಾಯಿಯನ್ನು ದಿನವೂ ಬೇಡಿಕೊಳ್ಳುತ್ತೇನೆ. ಕ್ಷಮೆ ಕೇಳದೆ ಉಳಿದದ್ದು, ನನ್ನ ತಪ್ಪನ್ನು ತನ್ನದೆಂದು ಪಾಠ ಹೇಳಿದ ಆ ಮಗಳ ಬಳಿ.